ಮೊದಲು ಯಾವ ಪೆಟ್ಟಿಗೆ

ಅಕ್ಕತಂಗಿಯರನ್ನು ಮದುವೆಯಾಗಿ ಒಂದೇ ಮನೆಯ ಎರಡು ಅಂತಸ್ತಿನಲ್ಲಿ ಸಂಸಾರ ಹೂಡಿದ್ದ ಆ ಷಡ್ಡಕರ ನಡುವೆ ನೀರಿನ ಬಿಲ್ಲಿಗಾಗಲಿ, ಗೇಟಿನ ಬೀಗಕ್ಕಾಗಲಿ ಎಂದೂ ಮಾತು ಬೆಳೆದದ್ದಿಲ್ಲ. ಕೆಳಗೆ ಕನ್ನಡಕದ ಅಂಗಡಿಯವನು, ಅವನ ಹೆಂಡತಿ, ಮಗಳು. ಮೇಲೆ ಹೆಂಡತಿಯ ಅಕ್ಕ ಮತ್ತು ಭಾವ. ಭಾವ ಲಿಫ್ಟ್ ಮೆಕ್ಯಾನಿಕ್. ಲಿಫ್ಟಿನ ಬಾವಿಯೊಳಗೆ ನಿಂತು ಎಂಟನೇ ಅಂತಸ್ತಿನವರಿಗೆ ಕೂಗಿ ಹೇಳಿ ಹೇಳಿ ಅವರ ಗಂಟಲು ಆ ಎತ್ತರದಲ್ಲೇ ನಿಂತುಬಿಟ್ಟಿತ್ತು. ನಾದಿನಿ ಅವರನ್ನು ಗುಡುಗು ಭಾವ ಎಂದೇ ಕರೆಯುತ್ತಿದ್ದಳು.

ಇಬ್ಬರೂ ಪಟ್ಟು ಹಿಡಿದು ಕೂತದ್ದು ತಾರಸಿಯ ಮೇಲಿನ ಸಿನಿಮಾ ಕೋಣೆಯ ವಿಷಯಕ್ಕೆ ಮಾತ್ರ. ಸೇರಿ ಕಟ್ಟಿಸಿದ ಕೋಣೆ. ಎದುರಿಗೆ ಪರದೆ, ಸುತ್ತ ಸ್ಪೀಕರುಗಳು, ಮೂಲೆಯ ಕಪಾಟಿನಲ್ಲಿ ಎರಡು ಕಪ್ಪು ಪೆಟ್ಟಿಗೆ. ಒಂದು ಪ್ರೊಸೆಸರ್, ಯಾವ ಸದ್ದು ಯಾವ ಸ್ಪೀಕರಿಗೆ ಎಷ್ಟು ಹೋಗಬೇಕೆಂದು ತೀರ್ಮಾನಿಸುವುದು ಅದರ ಕೆಲಸ. ಇನ್ನೊಂದು ಆಂಪ್ಲಿಫೈಯರ್, ಆ ಸದ್ದಿಗೆ ಕಸುವು ತುಂಬಿ ಸ್ಪೀಕರಿಗೆ ದಾಟಿಸುವುದು. ಎರಡಕ್ಕೂ ವಯಸ್ಸಾಗಿತ್ತು. ಜೋರು ದೃಶ್ಯ ಬಂತೆಂದರೆ ಆಂಪ್ಲಿಫೈಯರ್ ಬಿಸಿಯೇರಿ ತಾನಾಗಿ ಆರಿಹೋಗುತ್ತಿತ್ತು. ಪ್ರೊಸೆಸರೋ, ಮಾತನ್ನೂ ಸಂಗೀತವನ್ನೂ ಒಂದರಲ್ಲೊಂದು ಕಲಸಿಬಿಡುತ್ತಿತ್ತು. ಈ ವರ್ಷ ಒಂದನ್ನು ಬದಲಾಯಿಸೋಣ ಎಂಬಲ್ಲಿಯವರೆಗೆ ಇಬ್ಬರೂ ಒಂದೇ. ಯಾವುದನ್ನು ಎಂದ ಕೂಡಲೇ ಒಬ್ಬರ ಮುಖ ಪೂರ್ವಕ್ಕೆ, ಒಬ್ಬರದು ಪಶ್ಚಿಮಕ್ಕೆ.

"ಸದ್ದು ಅಂದ್ರೆ ಎದೆಗೆ ಬಡೀಬೇಕು," ಎನ್ನುತ್ತಿದ್ದರು ಭಾವ.

"ಬಡಿದದ್ದು ಏನು ಅಂತ ಕಿವಿಗೆ ಗೊತ್ತಾಗಬೇಡವಾ ಭಾವ? ಪರದೆ ಮೇಲಿನವರು ಪ್ರೀತಿ ಮಾಡ್ತಿದ್ದಾರೋ ಜಗಳ ಆಡ್ತಿದ್ದಾರೋ ಅಂತಲೇ ತಿಳಿಯಲ್ಲ."

"ಮದುವೆಯಾದ ಮೇಲೆ ಎರಡೂ ಒಂದೇ ಬಿಡು. ನೋಡಪ್ಪಾ, ಪ್ರೊಸೆಸರ್ ಇವತ್ತು ಹೊಸದು, ನಾಳೆ ಹಳೇದು. ಹೊಸ ಟೀವಿ ಬಂದ್ರೆ ಅದರ ಭಾಷೆಯೇ ಇದಕ್ಕೆ ಅರ್ಥ ಆಗಲ್ಲ. ಆಂಪ್ಲಿಫೈಯರ್ ಹಾಗಲ್ಲ. ತಗೊಂಡ್ರೆ ನಿನ್ನ ಮಗಳ ಕಾಲಕ್ಕೂ ಇರುತ್ತೆ."

ಇಬ್ಬರೂ ಸರದಿಯ ಮೇಲೆ ಫೋನು ಮಾಡಿ ಮಾಡಿ ಆಡಿಯೋ ಅಂಗಡಿಯಾಕೆಗೆ ಸಾಕುಸಾಕಾಗಿಹೋಯಿತು. "ಭಾನುವಾರ ಎರಡನ್ನೂ ಮನೆಗೇ ತರ್ತೀನಿ. ನಿಮ್ಮ ಕಿವಿಯಿಂದಲೇ ಕೇಳಿ. ಒಂದನ್ನು ಇಟ್ಕೊಳ್ಳಿ, ಇನ್ನೊಂದನ್ನು ಒಯ್ತೀನಿ," ಎಂದಳು.

ಮೊದಲು ಆಂಪ್ಲಿಫೈಯರ್ ಜೋಡಿಸಿದರು. ಸೇತುವೆಯ ಮೇಲೆ ಗೂಡ್ಸ್ ರೈಲು ಹಾಯುವ ದೃಶ್ಯ ಹಾಕಿದಾಗ ಕಿಟಕಿಯ ಗಾಜು ಝಲ್ಲೆಂದಿತು, ಸೋಫಾ ನಡುಗಿತು. ಭಾವ ತೊಡೆ ತಟ್ಟಿಕೊಂಡರು. ಕನ್ನಡಕದವನಿಗೂ ಮೈ ಜುಮ್ಮೆಂದದ್ದು ಸುಳ್ಳಲ್ಲ. ಆದರೆ ರೈಲು ಹೋದ ಮೇಲೆ ಹಳಿಯ ಪಕ್ಕ ನಿಂತವನು ಹೇಳಿದ್ದೇನು? ಅದು ಮೊದಲಿನಷ್ಟೇ ಮಸುಕು.

ಆಮೇಲೆ ಹಳೆಯ ಆಂಪ್ಲಿಫೈಯರಿಗೇ ಹೊಸ ಪ್ರೊಸೆಸರ್ ಜೋಡಿಸಿದ್ದಾಯಿತು. ಅದು ಕೆಲಸ ಶುರುಮಾಡುವ ಮೊದಲು ಕೋಣೆಯನ್ನು ಅಳೆಯಬೇಕಂತೆ. ಅಂಗಡಿಯಾಕೆ ಸೋಫಾದ ಮೇಲೆ, ಮನುಷ್ಯರ ಕಿವಿ ಇರುವ ಎತ್ತರಕ್ಕೆ ಮೈಕು ನಿಲ್ಲಿಸಿ ಎಲ್ಲರನ್ನೂ ಹೊರಗೆ ಕಳಿಸಿದಳು. "ಪಿಟ್ಟೆನ್ನಬಾರದು," ಎಂದು ಬಾಗಿಲು ಹಾಕಿಕೊಂಡಳು.

ಮೆಟ್ಟಿಲ ಮೇಲೆ ಎಲ್ಲರೂ ಸಾಲಾಗಿ ಕೂತರು. ಒಳಗಿನಿಂದ ಊಊಯ್ ಎಂದು ಉದ್ದನೆಯ ಸದ್ದು ಬರತೊಡಗಿತು.

"ಇದೇನು, ಬೆಕ್ಕಿನ ಬಾಲ ತುಳಿದ ಹಾಗೆ!" ಎಂದು ಭಾವ ಪಿಸುಗುಟ್ಟಿದರು. ಅವರ ಪಿಸುಮಾತು ಬೇರೆಯವರ ಕೂಗಿಗೆ ಸಮ. ಬಾಗಿಲು ತೆರೆಯಿತು.

"ಯಾರ್ರೀ ಅದು? ಮತ್ತೆ ಮೊದಲಿಂದ ಮಾಡಬೇಕು ಈಗ."

ಎರಡನೇ ಸಲ ಎಲ್ಲರೂ ಕಲ್ಲಿನಂತೆ ಕೂತರು. ಮಾಡಲು ಏನೂ ಕೆಲಸವಿಲ್ಲದೆ ಕನ್ನಡಕದವನು ಅತ್ತಿತ್ತ ನೋಡಿದ. ಅತ್ತಿಗೆ ಮೇಲಿನವರೆಗೆ ಬಂದಿರಲೇ ಇಲ್ಲ. ಮೆಟ್ಟಿಲು ತಿರುಗುವಲ್ಲಿಯೇ ಕೂತು, ಬಲಗಾಲು ನೀಡಿಕೊಂಡು ಎರಡೂ ಅಂಗೈಯಲ್ಲಿ ಮಂಡಿ ನೀವಿಕೊಳ್ಳುತ್ತಿದ್ದರು. ಮುಖ ಬಿಳುಚಿಕೊಂಡಿತ್ತು. ವಾರವಾರವೂ ಅವರು ಸಿನಿಮಾಕ್ಕೆ ತಡವಾಗಿ ಬರುತ್ತಿದ್ದರು. ಕೆಲಸ ಮುಗಿದಿರಲಿಕ್ಕಿಲ್ಲ ಎಂದುಕೊಂಡು ಇವನು ವೈರುಗಳಲ್ಲಿ ಮುಳುಗಿರುತ್ತಿದ್ದ. ದಿನವಿಡೀ ಬೇರೆಯವರ ಕಣ್ಣು ನೋಡುವವನಿಗೆ ಎದುರಿಗಿದ್ದದ್ದು ಕಂಡಿರಲಿಲ್ಲ. ಭಾವ ಸದ್ದಾಗದಂತೆ ಇಳಿದುಹೋಗಿ ಹೆಂಡತಿಯ ಪಕ್ಕ ಕೂತು ಆ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

ಸದ್ದು ನಿಂತ ಮೇಲೆ ಅವನು ಕೇಳಿದ. "ಅತ್ತಿಗೆ, ಯಾವಾಗಿಂದ ಹೀಗೆ?"

ಅತ್ತಿಗೆ ಗಂಡನ ಮುಖ ನೋಡಿದರು. ಭಾವನ ದನಿ ಎಂದೂ ಇಲ್ಲದಷ್ಟು ತಗ್ಗಿತ್ತು.

"ಹೇಳೋಣ ಅಂತಲೇ ಇದ್ದೆ. ಮೆಟ್ಟಿಲು ಹತ್ತಲೇಬಾರದು ಅಂದುಬಿಟ್ಟಿದ್ದಾರೆ ಡಾಕ್ಟರು. ಊರಾಚೆ ನೆಲಮಟ್ಟದ ಮನೆಯೊಂದನ್ನ ನೋಡಿ ಬಂದ್ವಿ."

"ಅದಕ್ಕೇನಾ ಆಂಪ್ಲಿಫೈಯರೇ ಬೇಕು ಅಂತ ಹಠ ಹಿಡಿದದ್ದು?"

"ನಾವು ಹೋದ ಮೇಲೂ ಕೆಟ್ಟು ಕೂರದಂಥದ್ದು ನಿಮ್ಮ ಹತ್ತಿರ ಇರಲಿ ಅನ್ನಿಸ್ತು. ಅಷ್ಟೇಯ."

ಅವನ ಹೆಂಡತಿ ಇಳಿದು ಬಂದು ಅಕ್ಕನ ಪಕ್ಕ ಕೂತಳು.

"ಅಕ್ಕಾ, ನನಗೂ ಹೇಳಲಿಲ್ಲವಲ್ಲ ನೀನು?"

"ಹೇಳಿದ್ರೆ ನೀನು ಅಳ್ತೀಯ ಅಂತ."

"ಅಳೋದನ್ನ ಆಮೇಲೆ ಅಳ್ತೀನಿ. ನೆಲಮಟ್ಟದ ಮನೆ ಹುಡುಕಿಕೊಂಡು ಊರಾಚೆ ಹೋದ್ರಲ್ಲ, ನಮ್ಮದೇನು ಆಕಾಶದಲ್ಲಿದೆಯಾ? ನೀವು ಕೆಳಗೆ ಬನ್ನಿ. ನಾವು ಮೇಲಕ್ಕೆ ಹೋಗ್ತೀವಿ." ಗಂಡನ ಕಡೆ ತಿರುಗಿದಳು. "ಏನ್ರೀ?"

ಯೋಚಿಸಲು ಏನಿತ್ತು? "ಹೌದು ಭಾವ, ಬಂದುಬಿಡಿ," ಎಂದ ಅವನು. ಹೇಳಿದ ಮೇಲೆ ಮೈ ಹಗುರಾಯಿತು.

ಅತ್ತಿಗೆ ಬೇಡವೆಂದರು, ನಿಮಗೆ ತೊಂದರೆ ಎಂದರು, ಕಡೆಗೆ ತಂಗಿಯ ಕೈ ಹಿಡಿದುಕೊಂಡು ಒಪ್ಪಿದರು. ಭಾವ ಮೇಲಕ್ಕೆ ಕೈ ತೋರಿಸಿ, "ಈ ಸಿನಿಮಾ ಕೋಣೆ?" ಎಂದರು.

"ಅದೂ ಕೆಳಗೆ. ನಮ್ಮ ಹಾಲ್‌ಗೆ."

ಹೇಳುತ್ತಲೇ ಅವನ ಕಣ್ಣ ಮುಂದೆ ಆ ಹಾಲ್ ಬಂತು. ಒಂದು ಪಕ್ಕ ಅಡುಗೆಮನೆಗೆ ಬಾಗಿಲಿಲ್ಲದ ದಾರಿ, ಇನ್ನೊಂದು ಪಕ್ಕ ಉದ್ದಕ್ಕೂ ಗಾಜಿನ ಕಿಟಕಿ, ಅದರಾಚೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಪಕ್ಕದವರ ಮಲಗುವ ಕೋಣೆ.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಂಗಡಿಯಾಕೆಗೆ ಅವನು ಅದನ್ನೆಲ್ಲ ವಿವರಿಸಿದ. "ಹಾಗಾದ್ರೆ ಪ್ರೊಸೆಸರ್ ಇಟ್ಕೊಳ್ಳಿ," ಎಂದಳು. "ಅಂಥ ಸೊಟ್ಟ ಜಾಗಕ್ಕೆ ಕಸುವಿಗಿಂತ ಅಳತೆ ಮುಖ್ಯ. ಸದ್ದು ಕಡಿಮೆ ಇಟ್ಟರೆ ನಿಮ್ಮ ಹಳೇ ಆಂಪ್ಲಿಫೈಯರೂ ಬಿಸಿಯೇರಲ್ಲ."

ಭಾವ ಹೊಸ ಆಂಪ್ಲಿಫೈಯರನ್ನು ಒಮ್ಮೆ ಸವರಿ, ತಾವೇ ಎತ್ತಿಕೊಂಡು ಹೋಗಿ ಆಕೆಯ ವ್ಯಾನಿನಲ್ಲಿಟ್ಟು ಬಂದರು.

ಮನೆ ಬದಲಾಯಿಸುವಾಗ ಅತ್ತಿಗೆಯ ಕಪಾಟು ಬಾಗಿಲಲ್ಲಿ ತೂರದೆ ಬಿಚ್ಚಿ ಜೋಡಿಸಬೇಕಾಯಿತು. ಮಗಳಿಗೆ ಮೇಲಿನ ಬಾಲ್ಕನಿ ಸಿಕ್ಕಿ ಖುಷಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಕೆಳಗಿನ ಹಾಲ್‌ನಲ್ಲಿ ಮತ್ತೊಮ್ಮೆ ಅಳತೆ ಮಾಡಿಸಿ, ಮೊದಲ ಸಂಜೆ ಇಬ್ಬರು ಮುದುಕರು ಪಾರ್ಕಿನ ಬೆಂಚಿನ ಮೇಲೆ ಕೂತು ಹರಟುವ ಸಿನಿಮಾ ಹಾಕಿದರು. ಎಲೆ ಅಲುಗುವುದು ಒಂದು ಕಡೆ, ಮಾತು ಇನ್ನೊಂದು ಕಡೆ, ಒಂದಕ್ಕೊಂದು ಅಂಟದೆ ಕೇಳಿಸಿತು. ಅತ್ತಿಗೆ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತು, ಮುದುಕರ ಪ್ರತಿ ಜೋಕಿಗೂ ಎಲ್ಲರಿಗಿಂತ ಮೊದಲು ನಕ್ಕರು.