ಮೀಟರ್ ಆನ್ ಮಾಡಿದ ಜಾಗ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು 'ಮೀಟರ್ ಅತ್ತಿಗೆ' ಎನ್ನುತ್ತಿದ್ದರು. ನಿಜವಾಗಿ ಅವಳು ಅತ್ತಿಗೆಯಾಗಿದ್ದುದು ಒಬ್ಬನಿಗೇ, ರಾಡಿ ತೊಟ್ಟಿ ತೊಳೆಯುವ ಮೈದುನನಿಗೆ. ಅವನು ಬಾಯಿತುಂಬ ಕರೆದು ಕರೆದು ಮ್ಯಾನೇಜರಿಗೂ ಅದೇ ರೂಢಿಯಾಗಿತ್ತು. ಆರು ವರ್ಷದ ಹಿಂದೆ ಇದೇ ತೊಟ್ಟಿಗೆ ಇಳಿದ ಅವಳ ಗಂಡ ಜೀವಂತವಾಗಿ ಮೇಲೆ ಬರಲಿಲ್ಲ. ಅವನ ಬದಲಿಗೆ ಕೆಲಸ ಕೊಡುತ್ತೇವೆಂದಾಗ ಅವಳು ಹಟ ಹಿಡಿದು ಕೇಳಿದ್ದು ಇದನ್ನೇ: ಯಾರೇ ಒಳಗೆ ಇಳಿಯುವ ಮೊದಲು ಅಲ್ಲಿನ ಗಾಳಿಯನ್ನು ಮೀಟರಿನಿಂದ ಪರೀಕ್ಷಿಸುವುದು.

ಗಂಡ ಸತ್ತ ದಿನ ಮೀಟರ್ ಹಿಡಿದಿದ್ದವನು ಈಗ ಗೇಟ್ ಕಾಯುವ ತಾತ. ಹೆಣ ಮನೆಗೆ ಬಂದಾಗ ಬಾಗಿಲಲ್ಲಿ ನಿಂತು, "ನನ್ನ ಮಕ್ಕಳಾಣೆ, ಮೀಟರ್ ಚೆನ್ನಾಗೇ ತೋರಿಸ್ತಮ್ಮ" ಎಂದಿದ್ದ. ಅವಳು ಅವನ ಮುಖದ ಮೇಲೇ ಬಾಗಿಲು ಹಾಕಿದ್ದಳು. ಸುಳ್ಳುಬುರುಕ, ಅಳೆಯದೆಯೇ ರುಜು ಹಾಕಿದ ಸೋಮಾರಿ ಎಂದೇ ನಂಬಿದ್ದಳು. ಅವಳು ಕೆಲಸಕ್ಕೆ ಸೇರುವ ಹೊತ್ತಿಗೆ ಮೀಟರನ್ನು ಗೇಟಿನ ಬಳಿಯ ಬಯಲಲ್ಲಿ ಆನ್ ಮಾಡಬೇಕೆಂಬ ನಿಯಮ ಬಂದಿತ್ತು. ದಿನವೂ ಅವನಿಗೆ ಬೆನ್ನು ಹಾಕಿ ನಿಂತು ಆನ್ ಮಾಡುತ್ತಿದ್ದಳು.

ಅಂದು ತೊಟ್ಟಿಯ ಬಾಯಿಗೆ ಬಗ್ಗಿದಾಗ ಮೀಟರಿನ ಬ್ಯಾಟರಿ ಕೈಕೊಟ್ಟಿತು. ಜೇಬಿನಲ್ಲಿದ್ದ ಹೊಸದನ್ನು ಹಾಕಿ, ಮಂಡಿಯೂರಿದಲ್ಲೇ ಆನ್ ಮಾಡಿದಳು. ಮೀಟರಿನ ಕೊಳವೆ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಅಳೆದಳು. ಮೂರೂ ಕಡೆ ಆಮ್ಲಜನಕ ಒಳ್ಳೆಯ ಗಾಳಿಯಲ್ಲಿರುವಂತೆ ಶೇಕಡಾ ಇಪ್ಪತ್ತೊಂದರ ಹತ್ತಿರ, ವಿಷಾನಿಲ ಸೊನ್ನೆ.

"ಅತ್ತಿಗೆ, ನನ್ನ ಹೆಂಡ್ತಿ ಕೂಡ ನನ್ನ ಜೇಬನ್ನ ಇಷ್ಟು ತಡಕಲ್ಲ" ಎಂದ ಮೈದುನ, ಸೊಂಟಕ್ಕೆ ಹಗ್ಗ ಬಿಗಿಯುತ್ತ.

"ಬಾಯಿ ಮುಚ್ಕೊಂಡು ಗಂಟು ಸರಿಯಾಗಿ ಹಾಕ್ಕೋ."

ಇಳಿಯಬಹುದು ಎಂಬ ಚೀಟಿಗೆ ರುಜು ಹಾಕಿ, ಹತ್ತು ಹೆಜ್ಜೆ ಆಚೆಯ ಹಲಗೆಗೆ ಸಿಕ್ಕಿಸಲು ಹೋದಳು. ಅಲ್ಲಿ ಗಾಳಿ ಬೀಸುತ್ತಿತ್ತು. ಸುಮ್ಮನೆ ಅಭ್ಯಾಸಕ್ಕೆ ಮೀಟರ್ ನೋಡಿದಳು. ಆಮ್ಲಜನಕ ಇಪ್ಪತ್ಮೂರು. ಬಯಲ ಗಾಳಿಯಲ್ಲಿ ಅದು ಇಪ್ಪತ್ತೊಂದು ದಾಟಿದ್ದನ್ನು ಅವಳು ಆರು ವರ್ಷದಲ್ಲಿ ಕಂಡಿರಲಿಲ್ಲ.

ಎಲ್ಲಿ ಆನ್ ಮಾಡುತ್ತೇವೋ ಅಲ್ಲಿನ ಗಾಳಿಯನ್ನೇ ಈ ಯಂತ್ರ ಒಳ್ಳೆಯ ಗಾಳಿ ಎಂದುಕೊಳ್ಳುತ್ತದೆ. ಅವಳು ಕಲಿತ ಮೊದಲ ಪಾಠವೇ ಅದು. ಇವತ್ತು ತೊಟ್ಟಿಯ ಕೆಟ್ಟ ಗಾಳಿಯನ್ನೇ ಒಳ್ಳೆಯದೆಂದು ತಾನೇ ಅದಕ್ಕೆ ತೋರಿಸಿಕೊಟ್ಟಿದ್ದಳು.

ತಿರುಗಿದಾಗ ಮೈದುನನ ಒಂದು ಕಾಲು ಆಗಲೇ ಏಣಿಯ ಮೇಲಿತ್ತು. ಓಡಿಹೋಗಿ ಹಗ್ಗ ಹಿಡಿದೆಳೆದಳು. "ಇಳೀಬೇಡ. ಕಾಲು ತೆಗಿ, ಕಾಲು ತೆಗಿ." ಅವಳ ಮುಖ ನೋಡಿ ಅವನು ಕಾಲು ಹಿಂತೆಗೆದ.

ಚೀಟಿ ಹರಿದು ಗೇಟಿನ ಕಡೆ ನಡೆದಳು. ಎಂದಿನಂತೆ ತಾತ ಸ್ಟೂಲಿನಿಂದ ಎದ್ದು ತಲೆ ತಗ್ಗಿಸಿ ನಿಂತ. ಈ ಸಲ ಅವಳು ಬೆನ್ನು ಹಾಕಲಿಲ್ಲ.

"ಅವತ್ತು ಮೀಟರ್ ಎಲ್ಲಿ ಆನ್ ಮಾಡಿದ್ರಿ?"

ಆರು ವರ್ಷದಲ್ಲಿ ಅವಳು ಅವನೊಡನೆ ಆಡಿದ ಮೊದಲ ಮಾತು.

"ತೊಟ್ಟಿ ಬಾಯಲ್ಲೇ, ತಾಯಿ. ಹಾಗೆ ಮಾಡಬಾರದು ಅಂತ ಆಗ ಯಾರೂ ಹೇಳಿರಲಿಲ್ಲ. ಗೊತ್ತಾದ ಮೇಲೆ ನಿಮ್ಮ ಮನೆ ಬಾಗಿಲಿಗೆ ಬರೋಕೆ ಮುಖ ಇರಲಿಲ್ಲ."

"ನಾನೂ ಇವತ್ತು ಅಲ್ಲೇ ಆನ್ ಮಾಡಿದೆ" ಎಂದಳು. "ನನಗೆ ಹೇಳಿಕೊಟ್ಟಿದ್ರು, ತಾತ. ಆದರೂ ಮಾಡಿದೆ."

ಅವನ ಎದುರಿಗೇ ಮೀಟರ್ ಆರಿಸಿ ಮತ್ತೆ ಆನ್ ಮಾಡಿದಳು. ಆಮೇಲೆ, "ಬನ್ನಿ, ಕೊಳವೆ ಹಿಡ್ಕೊಳ್ಳಿ" ಎಂದು ಕರೆದುಕೊಂಡು ಹೋದಳು. ಕೊಳವೆ ಒಂದು ಮೊಳ ಇಳಿಯುವುದರೊಳಗೆ ಮೀಟರ್ ಕಿರುಚತೊಡಗಿತು. ಮೈದುನ ಸೊಂಟದ ಹಗ್ಗ ಬಿಚ್ಚುವುದನ್ನೂ ಮರೆತು ನೆಲದ ಮೇಲೆ ಕುಳಿತುಬಿಟ್ಟ.

ತಾತ ಕೊಳವೆಯನ್ನು ಅಲ್ಲೇ ಹಿಡಿದು ನಿಂತ. ಅವಳು ಅವನ ಕೈಯ ಮೇಲೆ ತನ್ನ ಕೈಯಿಟ್ಟು, ಕೊಳವೆಯನ್ನು ತಳದವರೆಗೂ ಇಳಿಬಿಟ್ಟಳು.