ಮುಚ್ಚಿಟ್ಟ ಗುಳಿಗೆ

ಹೃದ್ರೋಗಿ ಅಪ್ಪ ಅಂದರೆ ಮಗಳ ಸಂಬಂಧ ಮುರಿಯುತ್ತದೆ, ಇದು ಮಹಾಮಾಯಾಳ ಲೆಕ್ಕ. ಆ ಲೆಕ್ಕಕ್ಕೆ ಬೆಂಕಿ ಬೀಳಲಿ. ಅವಳ ಗಂಡ ಕಾಶೀರಾಮ, ಔರಾದಿನ ಸಾಲಿ ಮಾಸ್ತರ, ಎದೆಬಡಿತ ನಿಧಾನ ಮಾಡುವ ಗುಳಿಗೆ ದಿನಾ ನುಂಗುತ್ತಿದ್ದ. ಅದರ ಮೇಲೆ ಹೆಂಡ ಬಿದ್ದರೆ ಬಿಪಿ ಕುಸಿಯುತ್ತದೆ ಎಂದು ಬೀದರಿನ ಡಾಕ್ಟರು ಗಂಡಹೆಂಡತಿ ಇಬ್ಬರಿಗೂ ಹೇಳಿದ್ದರು. ಮಗಳು ಪ್ರಣಾಲಿಯ ಮದುವೆ ಮುಗಿಯುವತನಕ ಈ ಸುದ್ದಿ ಮನೆಯ ಹೊಸ್ತಿಲು ದಾಟಬಾರದೆಂದು ಮಹಾಮಾಯಾ ಅಪ್ಪ ಮಗಳು ಇಬ್ಬರಿಂದಲೂ ಆಣೆ ಹಾಕಿಸಿಕೊಂಡಿದ್ದಳು.

ನಿಶ್ಚಿತಾರ್ಥ ಭಾಲ್ಕಿಯಲ್ಲಿ, ಗಂಡಿನವರ ಮನೆಯಲ್ಲಿ. ಊಟಕ್ಕೆ ಮುಂಚೆ ಗಂಡಿನ ಸೋದರಮಾವ ರತ್ನದೀಪ ಕಾಶೀರಾಮನನ್ನು ಮಾಳಿಗೆಗೆ ಕರೆದೊಯ್ದು ಗ್ಲಾಸು ತುಂಬಿದ.

“ನಾ ಕುಡಿಯಾಂಗಿಲ್ಲರಿ.”

“ಬೀಗರಾಗೋರು ಹಿಂಗಂದ್ರ ಹ್ಯಾಂಗ್ರಿ? ಏನರೆ ಬೀಮಾರಿ ಅದೇನು?”

ಕಾಯಿಲೆಯ ಮಾತು ಕೇಳಿದ್ದೇ, ಪಾಪದ ಮನುಷ್ಯ, ಗ್ಲಾಸು ಎತ್ತಿಬಿಟ್ಟ. ಒಂದಕ್ಕೇ ನಿಲ್ಲಿಸಲು ರತ್ನದೀಪ ಬಿಡಲಿಲ್ಲ.

ಕೆಳಗಿಳಿದು ಬಂದವನು ಊಟದ ತಾಟಿನ ಮುಂದೆ ಕುಸಿದ. ಮೈ ತಣ್ಣಗೆ ಬೆವೆತಿತ್ತು. ಗಂಡಿನವರು ಬಿದ್ದುಬಿದ್ದು ನಕ್ಕರು. ನಶೆ ಇಳಿಯಲೆಂದು ಹಾಲಿಲ್ಲದ ಕಡಕ್ ಕಾಫಿ ಬಾಯಿಗೆ ಸುರಿದರು. ಮಲಗಿಸಬೇಕಾದವನನ್ನು ರಟ್ಟೆ ಹಿಡಿದೆತ್ತಿ ಗಾಣದೆತ್ತಿನ ಹಾಗೆ ಅಂಗಳದಲ್ಲಿ ತಿರುಗಿಸಿದರು.

“ಗುಳಗಿದು ಹೇಳವ್ವಾ,” ಎಂದಳು ಪ್ರಣಾಲಿ ತಾಯಿಯ ಕಿವಿಯಲ್ಲಿ.

“ಸುಮ್ಮ ಕುಂದ್ರು. ನಿನ್ನ ಸಲುವಾಗೇ ಮುಚ್ಚೀನಿ.”

ಕೊನೆಗೆ ಓಣಿಯ ಡಾಕ್ಟರನ್ನು ಕರೆಸಿದರು. ಅವರು ನಾಡಿ ಹಿಡಿದು ಹುಬ್ಬು ಗಂಟಿಕ್ಕಿದರು.

“ನಾಡಿ ಭಾಳ ನಿಧಾನ ಅದರಿ. ಎದಿ ಗುಳಗಿ ಏನರೆ ನುಂಗ್ತಾರೇನು? ಖರೇ ಹೇಳ್ರಿ, ಔಷಧ ಅದರ ಮ್ಯಾಲೇ ನಡೀತದ.”

ಗಂಡಿನ ತಾಯಿ ಭಾಗೀರಥಿಬಾಯಿ ಪಕ್ಕದಲ್ಲೇ ನಿಂತಿದ್ದಳು. ಕಾಶೀರಾಮ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ತುಟಿ ಅಲುಗಿತು, ದನಿ ಹೊರಡಲಿಲ್ಲ.

“ಏನೂ ಇಲ್ರಿ,” ಎಂದಳು ಮಹಾಮಾಯಾ. “ಕುಡದಾರ, ಅಷ್ಟ. ದಿನಾ ಹಿಂಗೇ.”

ದಿನಾ ಅಂತೆ. ಹನಿ ಮುಟ್ಟದೆ ವರ್ಷಗಳಾಗಿದ್ದ ಗಂಡನ ಬಗ್ಗೆ ಈ ಮಾತು. ಪ್ರಣಾಲಿ ಬಾಯಿ ತೆರೆಯುವಷ್ಟರಲ್ಲಿ ತಾಯಿ ಅವಳ ರಟ್ಟೆ ಹಿಡಿದು ಒಳಗೆ ಎಳೆದೊಯ್ದಳು. ಬೀದರಿಗೆ ಒಯ್ಯುವ ದಾರಿಯಲ್ಲೇ ಕಾಶೀರಾಮನ ಪ್ರಾಣ ಹೋಯಿತು.

ಸಾವಿನ ಮನೆಗೆ ಮಾತಾಡಿಸಲು ಬಂದ ಭಾಗೀರಥಿಬಾಯಿ ನೆಲ ನೋಡುತ್ತ ಹೇಳಿದಳು: “ದಿನಾ ಕುಡಿಯೋರ ಮನಿ ಹೆಣ್ಣು ನಮಗ ಆಗಾಂಗಿಲ್ಲರಿ.”

ಆಗ ಬಿಚ್ಚಿತು ಮಹಾಮಾಯಾಳ ಬಾಯಿ. “ಅವರು ಕುಡಿಯೋರಲ್ರಿ, ನಿಮ್ಮವರೇ ಕುಡಿಸಿದ್ರು. ಎದಿ ಗುಳಗಿ ನುಂಗ್ತಿದ್ರು, ನಿಮಗಂಜಿ ಹೇಳಲಿಲ್ಲ.” ಜೊತೆಗೆ ಬಂದಿದ್ದ ರತ್ನದೀಪ ಚಹಾದ ಕಪ್ಪಿನಲ್ಲಿ ಮುಖ ಹುದುಗಿಸಿ ಕುಳಿತಿದ್ದ.

ಭಾಗೀರಥಿಬಾಯಿ ಈಗ ತಲೆಯೆತ್ತಿದಳು. “ನಮ್ಮ ಮನಿಯವರೂ ಅದೇ ಗುಳಗಿ ನುಂಗ್ತಾರ. ಕೇಳಿದ್ರ ನಾನೇ ಹೇಳ್ತಿದ್ದೆ. ಗಂಡ ಸಾಯೋ ಹೊತ್ತಿಗೂ ಖರೇ ಹೇಳದಾಕಿ ಮಗಳನ್ನ ಹ್ಯಾಂಗ ತರೋದ್ರಿ?”

ಪ್ರಣಾಲಿ ಒಳಗೆ ಹೋಗಿ, ಗಂಡಿನವರು ಕೊಟ್ಟಿದ್ದ ನಿಶ್ಚಿತಾರ್ಥದ ಸೀರೆ ತಂದು ಭಾಗೀರಥಿಬಾಯಿಯ ಮಡಿಲಲ್ಲಿಟ್ಟಳು.

“ಬರೋಬರಿ ಹೇಳಿದ್ರಿ,” ಎಂದಳು, ತಾಯಿಯ ಮುಖ ನೋಡುತ್ತ.