ಅರಿಶಿನ ಹತ್ತಿದ ಗಾಜು

ನನ್ನ ಹೆಂಡತಿ ಭಾಗಿಯ ಎಡ ಮೊಲೆತೊಟ್ಟಿನ ಹುಣ್ಣು ಮಾಯುತ್ತಲೇ ಇರಲಿಲ್ಲ. ಮಗು ಕಚ್ಚಿದ್ದು ಅಂದಳು ಅವ್ವ. ಮಗು ಹಾಲು ಬಿಟ್ಟು ವರ್ಷವಾಗಿತ್ತು. ಕಡೂರಿನ ಡಾಕ್ಟರೊಬ್ಬ ಕಜ್ಜಿ ಅಂತ ಮುಲಾಮು ಕೊಟ್ಟ. ಕೊನೆಗೆ ಅವಳೇ ಬಾಯಿಬಿಟ್ಟಳು: "ತರೀಕೆರೆ ನರ್ಸಿಂಗ್ ಹೋಮಲ್ಲಿ ಭಾವ ಇದ್ದಾನಲ್ಲ."

ಭಾವ ಅಂದರೆ ಕರಿಯಣ್ಣ, ಅವಳ ಸೋದರಮಾವನ ಮಗ. ನಮ್ಮ ಪದ್ಧತಿಯಲ್ಲಿ ಅವಳು ಅವನಿಗೆ ಸಲ್ಲಬೇಕಾದ ಹೆಣ್ಣು. ಅವನು ಓದಲು ಹೋದ, ನನಗೆ ಕೊಟ್ಟರು. ಈಗ ಬಿಳಿ ಕೋಟು ಹಾಕಿ ಲ್ಯಾಬಿನಲ್ಲಿ ಕೂರುತ್ತಾನೆ. ಏಳನೇ ಕ್ಲಾಸಿಗೆ ಬಿಟ್ಟ ನಾನು ಅಜ್ಜಂಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುತ್ತೇನೆ. ಹೊರಟ ದಿನ ಅವಳು ಮದುವೆ ಸೀರೆ ಉಟ್ಟಳು. ಬಸ್ಸಿನಲ್ಲಿ ಆ ಸೀರೆಯನ್ನೇ ನೋಡುತ್ತ ಕೂತೆ.

ಪರದೆ ಹಿಂದೆ ಆಯಾ ಹುಣ್ಣಿಗೆ ಗಾಜಿನ ಪಟ್ಟಿ ಒತ್ತಿ ತಂದಳು. ಅದಕ್ಕಂಟಿದ ಜೀವಕೋಶಕ್ಕೆ ಬಣ್ಣ ಹಾಕಿ ನೋಡಿದರೆ ರೋಗ ತಿಳಿಯುತ್ತದಂತೆ. ಕರಿಯಣ್ಣ ಮೈಕ್ರೋಸ್ಕೋಪಿಗೆ ಬಗ್ಗಿದವನು ತಲೆಯಾಡಿಸಿದ.

"ಬರೀ ಅರಿಶಿನ ಕಣಣ್ಣ. ಹುಣ್ಣಿಗೆ ಮೆತ್ಕೊಂಡ್ ಬಂದವ್ಳೆ. ಬಿಸಿನೀರಲ್ಲಿ ತೊಳ್ದು, ಏನೂ ಹಚ್ದೆ ಇನ್ನೊಂದ್ಸಲ ಕರ್ಕಂಡ್ ಬಾ."

"ಯಾಕೆ, ಒಂದ್ಸಲ ನೋಡಿದ್ದು ಕಣ್ಣು ತುಂಬ್ಲಿಲ್ವಾ?" ಅಂದೆ.

ನಾನು ಅವಳ ಕೈ ಹಿಡಿದು ಎಳೆದುಕೊಂಡು ಬಂದೆ. ಮತ್ತೆ ಹೋಗುವ ಮಾತೆತ್ತಿದರೆ ಬೈದೆ.

ದೀಪಾವಳಿ ಹೊತ್ತಿಗೆ ರವಿಕೆಗೆ ರಕ್ತ ಹತ್ತತೊಡಗಿತು. "ನೀವು ಬರ್ದಿದ್ರೆ ಒಬ್ಳೇ ಹೋಯ್ತೀನಿ," ಅಂದಳು. ಅವನ ಹತ್ತಿರ ಒಬ್ಬಳೇ! ಆ ಮಾತಿಗೇ ಎದ್ದು ಚಪ್ಪಲಿ ಮೆಟ್ಟಿದೆ.

ಕರಿಯಣ್ಣ ಗಾಜನ್ನು ನನ್ನ ಕೈಗೇ ಕೊಟ್ಟ. "ನೀನೇ ಒತ್ತು. ಉಜ್ಬೇಡ. ಒಣಗೋಕೆ ಮುಂಚೆ ಈ ಸ್ಪಿರಿಟ್ಟಿಗೆ ಹಾಕು. ನಾನು ಹೊರಗಿರ್ತೀನಿ."

ಗಾಜನ್ನು ಹತ್ತಿರ ತಂದು ಮತ್ತೆ ಹಿಂದೆ ತೆಗೆದೆ. "ನೋಯಲ್ಲ, ಒತ್ತಿ," ಅಂದಳು ಭಾಗಿ.

ಬಣ್ಣ ಹಾಕಿದ ಆ ಗಾಜನ್ನು ಶಿವಮೊಗ್ಗದಿಂದ ಬರುವ ಡಾಕ್ಟರಮ್ಮ ಮೈಕ್ರೋಸ್ಕೋಪಿನಲ್ಲಿ ತುಂಬ ಹೊತ್ತು ನೋಡಿದರು. "ಇದು ಕಜ್ಜಿ ಅಲ್ಲ. ತೊಟ್ಟಿಗೆ ಬರೋ ಅಪರೂಪದ ಕ್ಯಾನ್ಸರಿನ ಥರ ಇದೆ. ಚೂರು ಕತ್ತರಿಸಿ ಪರೀಕ್ಷೆ ಮಾಡಿ ಖಾತ್ರಿ ಮಾಡ್ಬೇಕು. ಬೆಂಗಳೂರಿಗೆ ಹೊರಡಿ, ತಡ ಮಾಡ್ಬೇಡಿ."

ನಾನೂ ಬಗ್ಗಿ ನೋಡಿದೆ. ನೇರಳೆ ಚುಕ್ಕಿಗಳ ನಡುವೆ ಅಲ್ಲಲ್ಲಿ ದೊಡ್ಡ, ಮಾಸಲು ಗುಂಡುಗಳು. ನನ್ನ ಹೆಂಡತಿಯ ಒಳಗಿನದನ್ನು ಕರಿಯಣ್ಣ ಓದಬಲ್ಲ, ನಾನು ಓದಲಾರೆ.

"ಆಸ್ಪತ್ರೆ ನಂಗೊತ್ತು," ಅಂದ ಕರಿಯಣ್ಣ. "ಬೀರೂರಲ್ಲಿ ರೈಲು ಹತ್ತಾನ. ನೀನು ಹ್ಞೂಂ ಅಂದ್ರೆ ನಾನೂ ಬರ್ತೀನಿ."

ಭಾಗಿ ಅವನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ಬಾ," ಅಂದೆ. "ಅವಳ ಪಕ್ಕ ಮಾತ್ರ ನಾನೇ ಕೂರೋದು."

"ಕಿಟಕಿ ನಂಗೆ," ಅಂದಳು ಭಾಗಿ.